ಕಾರ್ಡಿಫ್‌ನಲ್ಲಿ ನನಗೂ ಓಟಿದೆಯಂತೆ. ವೇಲ್ಸ್ ರಾಜಕೀಯ ತಿಳಿಯಲು ಯಾರ ಮಾತು ಕೇಳಬೇಕು?

ಹೊಸಬ_ಕಾರ್ಡಿಫ್ (4 ನವೆಂಬರ್ 2025)

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಇಲ್ಲಿಗೆ ಬಂದು ಒಂದೂವರೆ ವರ್ಷವಾಯಿತು. ಮೊನ್ನೆ ಮನೆಗೆ ಮತದಾರರ ಪಟ್ಟಿಯ ಕಾಗದ ಬಂತು. ಹಿಂದಿನ ಬಾಡಿಗೆದಾರರದ್ದಿರಬೇಕು ಎಂದು ಫ್ರಿಜ್ ಮೇಲೆ ಇಟ್ಟುಬಿಟ್ಟೆ. ಆಫೀಸಿನಲ್ಲಿ ಸುಮ್ನೆ ಮಾತಿಗೆ ಹೇಳಿದರೆ, "ನೀನು ಕಾಮನ್‌ವೆಲ್ತ್ ದೇಶದವನು, ನಿನಗೂ ಓಟು ಇದೆ" ಎಂದರು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಇಲ್ಲಿ ಓಟು ಹಾಕಬಹುದು ಎಂದು ನನಗೆ ಗೊತ್ತೇ ಇರಲಿಲ್ಲ.

2026ರ ಮೇ 7ಕ್ಕೆ ಸೆನೆಡ್, ಅಂದರೆ ವೇಲ್ಸಿನ ಶಾಸನಸಭೆಯ ಚುನಾವಣೆ. ಇಲ್ಲಿನ ರಾಜಕೀಯ ನನಗೆ ಒಂದಕ್ಷರ ಗೊತ್ತಿಲ್ಲ. ಟಿವಿ ಹಾಕಿದರೆ ಲಂಡನ್ ಸುದ್ದಿ, ಸೂಪರ್‌ಮಾರ್ಕೆಟ್ಟಿನಲ್ಲಿ ಪೇಪರ್ ತೆಗೆದುಕೊಂಡರೂ ಲಂಡನ್ ಸುದ್ದಿ. ನಮ್ಮೂರಲ್ಲಾದರೆ ಹೋಟೆಲಿನಲ್ಲಿ ಒಂದು ಬೈಟು ಕಾಫಿ ಕುಡಿಯುವಷ್ಟರಲ್ಲಿ ಯಾವ ಜಾತಿ ಯಾವ ಕಡೆ ಎಂದು ಗೊತ್ತಾಗಿಬಿಡುತ್ತದೆ. ಇಲ್ಲಿ ಯಾರ ಮಾತು ಕೇಳಬೇಕು? ಪಕ್ಷದ ಕರಪತ್ರ ಬೇಡ. ವಿಷಯ ತಿಳಿದು ಮಾತಾಡುವವರು ಯಾರಿದ್ದಾರೆ ಹೇಳಿ.

ರೋತ್‌ಪಾರ್ಕ್_ರಾಯರು

ಮೊದಲು ಉಚ್ಚಾರ ಸರಿಮಾಡಿಕೊಳ್ಳಿ. ಸೆನೆಡ್ ಅಲ್ಲ, ಸೆನೆದ್. ವೆಲ್ಷ್‌ನಲ್ಲಿ ಎರಡು ಡಿ ಬರೆದರೆ ಹೆಚ್ಚುಕಡಿಮೆ ನಮ್ಮ ದ. ಲಂಡನ್ನಿನವರಿಗೆ ಇದು ಕಷ್ಟ, ನಮಗೆ ಸುಲಭ. 24 ವರ್ಷದಲ್ಲಿ ನಾನು ಅವರಿಗಿಂತ ಮುಂದಿರುವುದು ಇದೊಂದರಲ್ಲೇ.

ಈಗ ವಿಷಯ. ವೇಲ್ಸಿನ ಜನಸಂಖ್ಯೆ ಸುಮಾರು 31 ಲಕ್ಷ. ಅಂದರೆ ನಮ್ಮ ಮೈಸೂರು ಜಿಲ್ಲೆಯಷ್ಟು. ಇಷ್ಟು ಸಣ್ಣ ದೇಶದಲ್ಲಿ ರಾಜಕೀಯ ಮಾಡುವವರು, ರಾಜಕೀಯದ ಬಗ್ಗೆ ಬರೆಯುವವರು, ರಾಜಕೀಯ ಕಲಿಸುವವರು ಎಲ್ಲ ಸೇರಿದರೂ ಒಂದು ಮದುವೆ ಛತ್ರದಲ್ಲಿ ಕೂರಿಸಬಹುದು. ಪಂಕ್ತಿಯಲ್ಲಿ ಎಲ್ಲರಿಗೂ ಪಕ್ಕದವರ ಪರಿಚಯ ಇರುತ್ತದೆ. ಕೂತ ಕುರ್ಚಿ ಮಾತ್ರ ಬದಲಾಗುತ್ತಾ ಇರುತ್ತದೆ.

ವೇಲ್ಸ್ ರಾಷ್ಟ್ರೀಯವಾದಿ ಪಕ್ಷವಾದ ಪ್ಲೈಡ್ ಕಮ್ರಿಯ ನಾಯಕ ರಿನ್ ಆಪ್ ಯೋರ್ವರ್ಥ್ ಮೊದಲು ಬಿಬಿಸಿಯಲ್ಲಿ ರಾಜಕೀಯ ವರದಿ ಮಾಡುತ್ತಿದ್ದವರು. ಊರೊಳಗಿನ ರಸ್ತೆಗಳಿಗೆ 20 ಮೈಲಿ ವೇಗಮಿತಿ ತಂದ ಲೀ ವಾಟರ್ಸ್ ಮೊದಲು ಐಟಿವಿ ಪತ್ರಕರ್ತ, ಆಮೇಲೆ ಇನ್‌ಸ್ಟಿಟ್ಯೂಟ್ ಆಫ್ ವೆಲ್ಷ್ ಅಫೇರ್ಸ್ ಎಂಬ ಚಿಂತಕರ ಸಂಸ್ಥೆಯ ನಿರ್ದೇಶಕ, ಆಮೇಲೆ ಉಪಮಂತ್ರಿ. 2018ರಿಂದ 2024ರವರೆಗೆ ಫಸ್ಟ್ ಮಿನಿಸ್ಟರ್ ಆಗಿದ್ದ ಮಾರ್ಕ್ ಡ್ರೇಕ್‌ಫರ್ಡ್ ಕಾರ್ಡಿಫ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದವರು. ಫಸ್ಟ್ ಮಿನಿಸ್ಟರ್ ಎಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಈಗ ಆ ಕುರ್ಚಿಯಲ್ಲಿ ಲೇಬರ್ ಪಕ್ಷದ ಎಲಿನೆಡ್ ಮಾರ್ಗನ್ ಇದ್ದಾರೆ, ಮೊದಲ ಮಹಿಳೆ.

ಹೊರಗೆ ನಿಂತು ವಿಶ್ಲೇಷಣೆ ಮಾಡುವವರಲ್ಲಿ ಇಬ್ಬರ ಮಾತು ನಾನು ತಪ್ಪದೆ ಕೇಳುತ್ತೇನೆ. ಒಬ್ಬರು ಪ್ರೊಫೆಸರ್ ರಿಚರ್ಡ್ ವಿನ್ ಜೋನ್ಸ್, ಕಾರ್ಡಿಫ್‌ನ ವೇಲ್ಸ್ ಗವರ್ನೆನ್ಸ್ ಸೆಂಟರ್‌ನವರು. ಇನ್ನೊಬ್ಬರು ಬಿಬಿಸಿ ವೇಲ್ಸ್‌ನ ವಾನ್ ರಾಡರಿಕ್. ಯಾವ ಕಣಿವೆಯಲ್ಲಿ ಯಾವ ಚರ್ಚಿನವರು 50 ವರ್ಷದ ಹಿಂದೆ ಯಾರಿಗೆ ಓಟು ಹಾಕಿದ್ದರು ಎಂಬುದು ಈ ರಾಡರಿಕ್‌ಗೆ ಬಾಯಿಪಾಠ. ನಮ್ಮ ಹಳೇ ತಲೆಮಾರಿನ ಜಿಲ್ಲಾ ವರದಿಗಾರರು ಹಾಗೇ ಇರುತ್ತಿದ್ದರಲ್ಲ, ಅದೇ ಜಾತಿಯ ಮನುಷ್ಯ.

ಸಮೀಕ್ಷೆ, ಅಂಕಿಅಂಶ ಬೇಕಿದ್ದರೆ ರೋಜರ್ ಅವಾನ್-ಸ್ಕಲ್ಲಿ, ಜ್ಯಾಕ್ ಲಾರ್ನರ್ ಬರೆದದ್ದನ್ನು ಹುಡುಕಿ.

ಸುಮ್ನೆ_ಓದುವವ

ರಾಯರೇ, ಅಂದರೆ ಅಂಪೈರೇ ಆಟಗಾರ, ಆಟಗಾರನೇ ಅಂಪೈರ್. ಇದು ಸರಿಯಾ?

ರೋತ್‌ಪಾರ್ಕ್_ರಾಯರು

ಸರಿ ತಪ್ಪು ಆಮೇಲೆ. ಒಂದು ಉದಾಹರಣೆ ನೋಡಿ. ಲಾರಾ ಮೆಕಾಲಿಸ್ಟರ್ ಎಂಬ ಪ್ರೊಫೆಸರ್ ಇದ್ದಾರೆ. ವೇಲ್ಸ್ ಮಹಿಳಾ ಫುಟ್‌ಬಾಲ್ ತಂಡದ ಕ್ಯಾಪ್ಟನ್ ಆಗಿದ್ದವರು. ಹರೆಯದಲ್ಲಿ ಪ್ಲೈಡ್ ಪಕ್ಷದಿಂದ ಪಾರ್ಲಿಮೆಂಟಿಗೆ ನಿಂತು ಸೋತರು. ಟಿವಿಯಲ್ಲಿ ವಿಶ್ಲೇಷಣೆ ಮಾಡುತ್ತಾರೆ. 2017ರಲ್ಲಿ ಒಂದು ತಜ್ಞರ ಸಮಿತಿಯ ಅಧ್ಯಕ್ಷರಾದರು. ಸೆನೆದ್‌ಗೆ 60 ಸದಸ್ಯರು ಸಾಲದು, 80ರಿಂದ 90 ಬೇಕು, 16 ವರ್ಷದವರಿಗೆ ಓಟು ಕೊಡಿ, ಅಭ್ಯರ್ಥಿಗಳ ಹೆಸರಿನ ಮುಂದೆ ಜನರೇ 1, 2, 3 ಎಂದು ಗುರುತು ಹಾಕುವ ಪದ್ಧತಿ ತನ್ನಿ ಎಂದು ಆ ಸಮಿತಿ ಹೇಳಿತು. 16ರ ಓಟು ಬಂತು. ಸಂಖ್ಯೆ 96 ಆಯಿತು, ಈ 2026ರ ಚುನಾವಣೆಯಿಂದಲೇ. ಮೂರನೆಯದನ್ನು ಮಾತ್ರ ಪಕ್ಷಗಳು ಮೆಲ್ಲಗೆ ಪಕ್ಕಕ್ಕೆ ಸರಿಸಿದವು. ಅದರ ಜಾಗಕ್ಕೆ ಬಂದದ್ದು ಪಕ್ಷದ ಪಟ್ಟಿ. 16 ಕ್ಷೇತ್ರ, ಒಂದೊಂದರಲ್ಲಿ 6 ಜನ. ನೀವು ಓಟು ಹಾಕುವುದು ಪಕ್ಷಕ್ಕೆ. ಪಟ್ಟಿಯಲ್ಲಿ ಮೊದಲು ಯಾರು, ಕೊನೆಗೆ ಯಾರು ಎಂಬುದನ್ನು ಪಕ್ಷವೇ ಬರೆದಿಟ್ಟಿರುತ್ತದೆ.

ಸಲಹೆ ಕೊಡುವವರಿಗೆ ಇಲ್ಲಿ ನಮ್ಮಲ್ಲಿಗಿಂತ ಜಾಸ್ತಿ ಬೆಲೆ ಇದೆ. ಆದರೆ ಸಲಹೆಯ ಯಾವ ತುಂಡು ತಟ್ಟೆಗೆ ಬರಬೇಕು ಎಂದು ತೀರ್ಮಾನ ಮಾಡುವವರು ಬೇರೆ.

ನೈಟ್‌ಶಿಫ್ಟ್_ಅಕ್ಕ

ನಾನು ನರ್ಸ್. ದಾವಣಗೆರೆಯವಳು, ದಕ್ಷಿಣ ವೇಲ್ಸಿಗೆ ಬಂದು ಹತ್ತು ವರ್ಷ. ರಾಜಕೀಯ ನನಗೂ ಬೇಕಿರಲಿಲ್ಲ, ಕೊರೊನಾ ಬರುವವರೆಗೆ.

2020ರ ಮೇ 10, ಭಾನುವಾರ. ಸಂಜೆ ಬೋರಿಸ್ ಜಾನ್ಸನ್ ಟಿವಿಯಲ್ಲಿ ಬಂದರು. ಮನೆಯಿಂದ ಕೆಲಸ ಮಾಡಲಾಗದವರು ಕೆಲಸಕ್ಕೆ ಹೊರಡಿ ಎಂದರು. ನಾನು ಆಗ ತಾನೇ ಎದ್ದು ಶಿಫ್ಟಿಗೆ ತಯಾರಾಗುತ್ತಿದ್ದೆ. ಸ್ಟಾಫ್ ರೂಮಿಗೆ ಬಂದರೆ ಅಲ್ಲೇ ಎರಡು ಪಂಗಡ. "ನಾಳೆಯಿಂದ ಬಿಡುತ್ತಾರಂತೆ" ಎಂದು ಒಬ್ಬರು. "ಅದು ಇಂಗ್ಲೆಂಡಿಗೆ ಕಣಮ್ಮ, ನಮಗಲ್ಲ" ಎಂದು ನಮ್ಮ ಹಿರಿಯ ಸಿಸ್ಟರ್. ಮಾರನೇ ದಿನ ನನ್ನ ಪಕ್ಕದ ಮನೆಯ ತಾತ ಕಾರು ತೊಳೆದು ಸಮುದ್ರ ನೋಡಲು ಹೊರಟು ನಿಂತಿದ್ದರು. ಇಲ್ಲಿ ಇನ್ನೂ ಮನೆಯಲ್ಲೇ ಇರಿ ಎಂಬ ನಿಯಮ ಇದೆ ಎಂದು ಅವರಿಗೆ ಹೇಳಿದ್ದು ದಾವಣಗೆರೆಯ ನಾನು! ಇಲ್ಲೇ ಹುಟ್ಟಿ ಬೆಳೆದವರು ಅವರು.

ಆರೋಗ್ಯ ಇಲ್ಲಿನ ಸರ್ಕಾರದ ಕೈಯಲ್ಲಿದೆ ಎಂಬುದೇ, ವೇಲ್ಸಿಗೆ ಸ್ವಂತ ಸರ್ಕಾರ ಬಂದು 20 ವರ್ಷ ಕಳೆದರೂ, ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಆಮೇಲೆ ಡ್ರೇಕ್‌ಫರ್ಡ್ ಪತ್ರಿಕಾಗೋಷ್ಠಿಯನ್ನು ಎಲ್ಲರೂ ನೋಡಲು ಶುರುಮಾಡಿದರು. ಮನೆಯವರಿಗೆ ಸೋಂಕು ತಗುಲಬಾರದು ಎಂದು ಆ ಮನುಷ್ಯ ತೋಟದ ಗುಡಿಸಿಲಿನಂಥ ಕೋಣೆಯಲ್ಲಿ ಕೆಲವು ಕಾಲ ಮಲಗುತ್ತಿದ್ದರು. ಮೇಷ್ಟ್ರು ಪಾಠ ಮಾಡಿದ ಹಾಗೆ ಮಾತಾಡುತ್ತಿದ್ದರು. ಬೇಜಾರು ಎನ್ನುವವರೂ ಇದ್ದರು. ನನಗಂತೂ ಆ ಹೊತ್ತಿಗೆ ಬೇಜಾರಿನ ಮನುಷ್ಯನೇ ಬೇಕಿತ್ತು.

ರೋತ್‌ಪಾರ್ಕ್_ರಾಯರು

ಅಕ್ಕ ಹೇಳಿದ ತಾತನ ಕಥೆಯೇ ಇಲ್ಲಿನ ರಾಜಕೀಯದ ಅರ್ಧ ಕಥೆ. ಜನ ಓದುವ ಪತ್ರಿಕೆಗಳಲ್ಲಿ ಹೆಚ್ಚಿನವು ಲಂಡನ್ನಿನವು. ವೆಸ್ಟರ್ನ್ ಮೇಲ್ ಓದುವವರು ಕಡಿಮೆಯಾಗುತ್ತಾ ಬಂದರು. ಉತ್ತರ ವೇಲ್ಸಿನವರು ಡೈಲಿ ಪೋಸ್ಟ್ ನೋಡುತ್ತಾರೆ. ವೆಲ್ಷ್ ಭಾಷೆಯಲ್ಲಿ ಒಂದೂ ದಿನಪತ್ರಿಕೆ ಇಲ್ಲ. ಹಿಂದೆ ಟಿವಿ ಆಂಟೆನಾ ಕಾಲದಲ್ಲಿ ಎಷ್ಟೋ ಮನೆಯವರು ಆಂಟೆನಾವನ್ನೇ ಇಂಗ್ಲೆಂಡ್ ಕಡೆ ತಿರುಗಿಸಿಟ್ಟಿದ್ದರು. ಸೆನೆದ್‌ನಲ್ಲಿ ಏನು ನಡೆದರೂ ಅದು ಮನೆಮನೆಗೆ ಮುಟ್ಟುವುದು ಕಷ್ಟ. ಮುಟ್ಟಿಸುವ ಕೈಗಳು ಬೆರಳೆಣಿಕೆಯಷ್ಟು. ಹಾಗಾಗಿ ಆ ಕೈಗಳ ತೂಕ ಜಾಸ್ತಿ.

ವಾನ್ ಗೆಥಿಂಗ್ ಪ್ರಕರಣ ನೆನಪಿದೆಯಾ? 2024ರ ಮಾರ್ಚ್‌ನಲ್ಲಿ ಫಸ್ಟ್ ಮಿನಿಸ್ಟರ್ ಆದರು. ಯುರೋಪಿನಲ್ಲಿ ಒಂದು ದೇಶದ ಸರ್ಕಾರ ನಡೆಸಿದ ಮೊದಲ ಕಪ್ಪು ವರ್ಣೀಯ ನಾಯಕ. ಆದರೆ ಪಕ್ಷದೊಳಗಿನ ನಾಯಕತ್ವದ ಸ್ಪರ್ಧೆಗೆ ಅವರು ಒಂದು ಕಂಪನಿಯಿಂದ 2 ಲಕ್ಷ ಪೌಂಡ್ ದೇಣಿಗೆ ತೆಗೆದುಕೊಂಡಿದ್ದರು. ಅದರ ಮಾಲೀಕರಿಗೆ ಪರಿಸರ ಅಪರಾಧಗಳಲ್ಲಿ ಶಿಕ್ಷೆಯಾಗಿತ್ತು. ಮೇ ತಿಂಗಳಲ್ಲಿ ನೇಷನ್ ಡಾಟ್ ಕಮ್ರಿ ಎಂಬ ಪುಟ್ಟ ಸುದ್ದಿತಾಣ ಇನ್ನೊಂದು ಬಾಂಬ್ ಹಾಕಿತು. ಕೊರೊನಾ ಕಾಲದಲ್ಲಿ ಮಂತ್ರಿಗಳ ಗುಂಪಿನಲ್ಲಿ "ಈ ಗುಂಪಿನ ಮೆಸೇಜುಗಳನ್ನು ಅಳಿಸುತ್ತಿದ್ದೇನೆ" ಎಂದು ಗೆಥಿಂಗ್ ಬರೆದದ್ದರ ಚಿತ್ರ ಅದು. ಸೋರಿಕೆ ಮಾಡಿದ್ದು ಇವರೇ ಎಂದು ಒಬ್ಬ ಮಂತ್ರಿಯನ್ನು ಗೆಥಿಂಗ್ ಕಿತ್ತುಹಾಕಿದರು. ನಾನಲ್ಲ ಎಂದು ಆಕೆ ಹೇಳಿದರು. ಜೂನ್‌ನಲ್ಲಿ ಗೆಥಿಂಗ್ ಅವಿಶ್ವಾಸ ಮತದಲ್ಲಿ 29-27ರಿಂದ ಸೋತರು. ಜುಲೈ 16ಕ್ಕೆ ನಾಲ್ವರು ಒಂದೇ ದಿನ ಸರ್ಕಾರ ಬಿಟ್ಟರು, ಅದೇ ದಿನ ಇವರೂ ರಾಜೀನಾಮೆ ಘೋಷಿಸಿದರು.

ಆ ತಾಣ ಹುಟ್ಟಿದ್ದು 2017ರಲ್ಲಿ. ಇಫಾನ್ ಮಾರ್ಗನ್ ಜೋನ್ಸ್ ಎಂಬ ಪತ್ರಕರ್ತರು ಕಟ್ಟಿದ್ದು. ಮಾರ್ಟಿನ್ ಶಿಪ್ಟನ್ ಎಂಬ ಹಳೇ ಹುಲಿ ಈಗ ಅಲ್ಲೇ ಬರೆಯುತ್ತಾರೆ. ಬರವಣಿಗೆ ಸ್ವಲ್ಪ ಖಾರ ಇರುತ್ತದೆ, ನೀರು ಪಕ್ಕದಲ್ಲಿಟ್ಟುಕೊಂಡು ಓದಿ. ವಿಲ್ ಹೇವರ್ಡ್ ಅವರ ಬರಹವನ್ನೂ ನೋಡಿ, ಸಂಸ್ಥೆ ಬಿಟ್ಟು ಹೊರಬಂದು ಸ್ವಂತವಾಗಿ ಬರೆಯುತ್ತಿದ್ದಾರೆ.

ಧಾರವಾಡ_ಪೇಡೆ

ರಾಯರು ಬರೀ ಈಗಿನವರ ಹೆಸರು ಹೇಳಿದರು. ನಾನು ಧಾರವಾಡದಲ್ಲಿ ಕೂತು ಭಾಷಾ ಚಳವಳಿಗಳ ಬಗ್ಗೆ ಓದುವವನು, ವೇಲ್ಸಿಗೆ ಬಂದೇ ಇಲ್ಲ. ಆದರೂ ಹೇಳುತ್ತೇನೆ, ಆ ನಾಡಿನ ರಾಜಕೀಯ ಬದಲಿಸಿದ್ದು ಒಂದು ರೇಡಿಯೋ ಭಾಷಣ ರೀ. 1962ರ ಫೆಬ್ರವರಿ 13. ಸಾಂಡರ್ಸ್ ಲೂಯಿಸ್ ಎಂಬ ನಾಟಕಕಾರ ಬಿಬಿಸಿಯಲ್ಲಿ ಮಾತಾಡಿದರು. ಹೀಗೇ ಬಿಟ್ಟರೆ ವೆಲ್ಷ್ ಭಾಷೆ ಸಾಯುತ್ತದೆ, ಆ ಭಾಷೆ ಇಲ್ಲದೆ ಸರ್ಕಾರಿ ಕೆಲಸ ನಡೆಯದಂತೆ ಮಾಡಿ ಎಂದರು. ಪ್ಲೈಡ್ ಪಕ್ಷ ಕಟ್ಟಿದವರಲ್ಲಿ ಅವರೂ ಒಬ್ಬರು. ಆದರೆ ಆ ಮಾತು ಹಿಡಿದು ಬೀದಿಗೆ ಇಳಿದದ್ದು ಪಕ್ಷ ಅಲ್ಲ, ಹುಡುಗರು. ಅದೇ ವರ್ಷ ವೆಲ್ಷ್ ಭಾಷಾ ಸಂಘ ಹುಟ್ಟಿತು.

ಇನ್ನೊಂದು. ವೆಲ್ಷ್ ಟಿವಿ ಚಾನೆಲ್ ಕೊಡುತ್ತೇವೆ ಎಂದು ಹೇಳಿದ್ದ ಥ್ಯಾಚರ್ ಸರ್ಕಾರ ಮಾತು ತಪ್ಪಿತು. 1980ರಲ್ಲಿ ಗ್ವಿನ್‌ವರ್ ಇವಾನ್ಸ್, 1966ರಲ್ಲಿ ಪ್ಲೈಡ್‌ಗೆ ಮೊದಲ ಪಾರ್ಲಿಮೆಂಟ್ ಸೀಟು ಗೆದ್ದುಕೊಟ್ಟವರು, ಅಕ್ಟೋಬರ್ 6ರಿಂದ ಆಮರಣ ಉಪವಾಸ ಎಂದು ಘೋಷಿಸಿದರು. ಮುಂದೆ ನಡೆದದ್ದೇ ಸ್ವಾರಸ್ಯ. ಒಬ್ಬ ಆರ್ಚ್‌ಬಿಷಪ್, ಒಬ್ಬ ನಿವೃತ್ತ ಅಧಿಕಾರಿ, ಒಬ್ಬ ಹಿರಿಯ ರಾಜಕಾರಣಿ, ಮೂವರು ಲಂಡನ್ನಿಗೆ ಹೋಗಿ ಗೃಹಮಂತ್ರಿಯ ಮುಂದೆ ಕೂತರು. ಸೆಪ್ಟೆಂಬರ್ 17ಕ್ಕೆ ಸರ್ಕಾರ ಮಣಿಯಿತು. ಇವಾನ್ಸ್ ಒಂದು ಹೊತ್ತೂ ಉಪವಾಸ ಇರಬೇಕಾಗಲಿಲ್ಲ. ಎಸ್4ಸಿ ಚಾನೆಲ್ 1982ರ ನವೆಂಬರ್ 1ಕ್ಕೆ ಶುರುವಾಯಿತು. ಅದು ನಮ್ಮ ರಾಜ್ಯೋತ್ಸವದ ದಿನ! ವರ್ಷವೂ ನೋಡಿ, ನಮ್ಮಲ್ಲಿ ಗೋಕಾಕ್ ಚಳವಳಿಗೆ ರಾಜ್‌ಕುಮಾರ್ ಇಳಿದ ವರ್ಷ. ಬರೀ ಕಾಕತಾಳೀಯ. ಆದರೂ ಓದಿದ ದಿನ ಖುಷಿಯಾಯಿತು.

ಅಬೆರ್_ವಿದ್ಯಾರ್ಥಿನಿ

ಅಬೆರಿಸ್ಟ್‌ವಿತ್‌ನಲ್ಲಿ ಓದುತ್ತಿದ್ದೇನೆ. ಪೇಡೆ ಸರ್ ಹೇಳಿದ ಹುಡುಗರು ಮೊದಲು ರಸ್ತೆ ತಡೆದದ್ದು ಇಲ್ಲಿನ ಟ್ರೆವೆಕನ್ ಸೇತುವೆಯಲ್ಲಿ, 1963ರ ಫೆಬ್ರವರಿ. ನಾನು ದಿನಾ ಅದನ್ನು ದಾಟಿಯೇ ತರಕಾರಿಗೆ ಹೋಗುವುದು. ಸಾಮಾನ್ಯ ಕಲ್ಲಿನ ಸೇತುವೆ.

ಊರಿಂದ ದಕ್ಷಿಣಕ್ಕೆ ಬಸ್ಸಿನಲ್ಲಿ ಹೊರಟರೆ ರಸ್ತೆ ಪಕ್ಕ ಒಂದು ಮುರುಕು ಗೋಡೆ ಸಿಗುತ್ತದೆ. ಕೆಂಪು ಬಣ್ಣದ ಮೇಲೆ ಬಿಳಿ ಅಕ್ಷರ, "ಕೊವಿಯುಕ್ ಡ್ರಿವೆರಿನ್", ಟ್ರಿವೆರಿನ್ ನೆನಪಿರಲಿ ಎಂದು. ಲಿವರ್‌ಪೂಲ್ ನಗರಕ್ಕೆ ನೀರು ಬೇಕೆಂದು ಟ್ರಿವೆರಿನ್ ಕಣಿವೆಯ ಕಾಪೆಲ್ ಕೆಲಿನ್ ಎಂಬ ಹಳ್ಳಿಯನ್ನು 1965ರಲ್ಲಿ ಮುಳುಗಿಸಿದರು. ಪಾರ್ಲಿಮೆಂಟಿನಲ್ಲಿ ವೇಲ್ಸಿನ ಒಬ್ಬ ಸದಸ್ಯನೂ ಆ ಮಸೂದೆಯ ಪರ ಓಟು ಹಾಕಿರಲಿಲ್ಲ, ಆದರೂ ಪಾಸಾಯಿತು. ಗೋಡೆಯ ಮೇಲೆ ಬರೆದದ್ದು ಮೇಕ್ ಸ್ಟೀಫನ್ಸ್ ಎಂಬ ಯುವಕ, ಮುಂದೆ ದೊಡ್ಡ ಸಾಹಿತಿಯಾದರು. 2019ರಲ್ಲಿ ಯಾರೋ ಗೋಡೆ ಬೀಳಿಸಿದರು. ಜನ ಕಲ್ಲು ಆರಿಸಿ ಮತ್ತೆ ಕಟ್ಟಿದರು. ಅದೇ ಎರಡು ಪದ ಊರೂರಿನ ಗೋಡೆಗಳ ಮೇಲೆ ಬಂತು. ಅಣೆಕಟ್ಟಿಗೆ ಊರು ಬಿಟ್ಟ ಮನೆತನದವಳು ನಾನು, ನಮ್ಮಜ್ಜಿ ಶರಾವತಿ ಹಿನ್ನೀರಿನ ಕಡೆಯವರು. ಬಸ್ಸಿನಲ್ಲಿ ಪಕ್ಕದವರು ಅರ್ಥ ಹೇಳಿದಾಗ ಏನೂ ಮಾತಾಡಲಾಗಲಿಲ್ಲ.

ಸುಮ್ನೆ_ಓದುವವ

ಭಾಷೆ ವಿಷಯ ಬಂತಲ್ಲ, ಒಂದು ಜೋಕು. ಜೋಕಲ್ಲ, ನಿಜ. 2008ರಲ್ಲಿ ಸ್ವಾನ್ಸಿಯಲ್ಲಿ ಒಂದು ರಸ್ತೆ ಫಲಕಕ್ಕೆ ವೆಲ್ಷ್ ಅನುವಾದ ಬೇಕಿತ್ತು. ಅನುವಾದಕರಿಗೆ ಇಮೇಲ್ ಮಾಡಿದರು. ಕೂಡಲೇ ವೆಲ್ಷ್‌ನಲ್ಲಿ ಉತ್ತರ ಬಂತು. ಅದನ್ನೇ ಫಲಕದಲ್ಲಿ ಬರೆಸಿ ನೆಟ್ಟರು. ಮೇಲೆ ಇಂಗ್ಲಿಷ್‌ನಲ್ಲಿ "ಭಾರಿ ವಾಹನಗಳಿಗೆ ಪ್ರವೇಶವಿಲ್ಲ". ಕೆಳಗೆ ವೆಲ್ಷ್‌ನಲ್ಲಿ "ನಾನು ಸದ್ಯ ಆಫೀಸಿನಲ್ಲಿ ಇಲ್ಲ. ಅನುವಾದದ ಕೆಲಸ ಇದ್ದರೆ ಕಳುಹಿಸಿ".

ನೈಟ್‌ಶಿಫ್ಟ್_ಅಕ್ಕ

ಬೆಳಗಿನ ಜಾವ ಮೂರು ಗಂಟೆಗೆ ವಾರ್ಡಿನಲ್ಲಿ ನಗು ತಡೆದುಕೊಳ್ಳುವುದು ಎಷ್ಟು ಕಷ್ಟ ಗೊತ್ತಾ ನಿಮಗೆ?

ಲೆಕ್ಕದ_ಮಾಸ್ತರ

ಭಾವನೆ ಎಲ್ಲ ಸರಿ, ದುಡ್ಡಿನ ಮಾತು ಯಾರೂ ಆಡಲಿಲ್ಲ. ವೇಲ್ಸಿಗೆ ಲಂಡನ್ನಿನಿಂದ ಬರುವ ಹಣ ಬಾರ್ನೆಟ್ ಸೂತ್ರದ ಪ್ರಕಾರ ಬರುತ್ತದೆ. ಇಂಗ್ಲೆಂಡಿನಲ್ಲಿ ಖರ್ಚು ಜಾಸ್ತಿಯಾದರೆ ಇವರಿಗೂ ಪಾಲು. ಎಚ್‌ಎಸ್2 ಎಂಬ ಹೈಸ್ಪೀಡ್ ರೈಲಿನ ಒಂದು ಗಜ ಹಳಿಯೂ ವೇಲ್ಸಿನಲ್ಲಿ ಇಲ್ಲ. ಆದರೆ ಅದನ್ನು "ಇಂಗ್ಲೆಂಡ್ ಮತ್ತು ವೇಲ್ಸ್ ಯೋಜನೆ" ಎಂದು ಲೆಕ್ಕಕ್ಕೆ ಹಿಡಿದರು, ಹಾಗಾಗಿ ಪಾಲು ಇಲ್ಲ. ಸ್ಕಾಟ್ಲೆಂಡಿಗೆ ಸಿಕ್ಕಿತು. ತೆರಿಗೆ ಪಾಲಿನ ಜಗಳ ನಮಗೇನು ಹೊಸದಲ್ಲ, ಅಲ್ವಾ? ಈ ಸೂತ್ರ ವೇಲ್ಸಿಗೆ ಅನ್ಯಾಯ ಮಾಡುತ್ತಿದೆ ಎಂದು ಲೆಕ್ಕ ಹಾಕಿ ತೋರಿಸಿದವರು ಜೆರಾಲ್ಡ್ ಹೋಲ್ಟಮ್ ಎಂಬ ಅರ್ಥಶಾಸ್ತ್ರಜ್ಞರು. ಭಾಷಣ ಮಾಡುವ ಹತ್ತು ಜನಕ್ಕಿಂತ ಇಂಥ ಒಬ್ಬರ ವರದಿ ಜಾಸ್ತಿ ಕೆಲಸ ಮಾಡುತ್ತದೆ.

ಸುಮ್ನೆ_ಓದುವವ

ಎಲ್ಲ ಸರಿ. ಆದರೆ ಈ ಪಂಡಿತರ ಲೆಕ್ಕ ಕೇಫಿಲಿಯಲ್ಲಿ ಏನಾಯಿತು? ಎರಡು ವಾರವೂ ಆಗಿಲ್ಲ.

ರೋತ್‌ಪಾರ್ಕ್_ರಾಯರು

ಹೊಸಬರಿಗೆ ಇದನ್ನು ಬಿಡಿಸಿ ಹೇಳಬೇಕು. ಅಕ್ಟೋಬರ್ 23ರಂದು ಕೇಫಿಲಿಯಲ್ಲಿ ಸೆನೆದ್ ಉಪಚುನಾವಣೆ. ನೂರು ವರ್ಷದಿಂದ ಲೇಬರ್ ಪಕ್ಷದ ಕೋಟೆ. ಈ ಸಲ ನೈಜಲ್ ಫರಾಜ್ ಅವರ ರಿಫಾರ್ಮ್ ಪಕ್ಷ ಗೆಲ್ಲಬಹುದು ಎಂದು ಸಮೀಕ್ಷೆ ಹೇಳಿತು. ಲಂಡನ್ನಿನ ಕ್ಯಾಮೆರಾಗಳೆಲ್ಲ ಬಂದು ಊರಿನ ಹಳೇ ಕಲ್ಲಿನ ಕೋಟೆ ಮುಂದೆ ನಿಂತವು. ಫಲಿತಾಂಶ ಬಂದಾಗ ಪ್ಲೈಡ್‌ಗೆ ಶೇ 47, ರಿಫಾರ್ಮ್‌ಗೆ ಶೇ 36, ಲೇಬರ್‌ಗೆ ಬರೀ ಶೇ 11. ಲಂಡನ್ನಿನವರು ಸ್ಟುಡಿಯೋದಲ್ಲಿ ಕೂತು ಇದು ರಾಷ್ಟ್ರೀಯ ಅಲೆ, ಅದು ಇದು ಎಂದರು.

ಗೆದ್ದವರು ಲಿಂಡ್ಸೆ ವಿಟಲ್. 70 ದಾಟಿದ ಮನುಷ್ಯ. 1970ರ ದಶಕದಿಂದ ಅಲ್ಲೇ ಕೌನ್ಸಿಲರ್. ಅದೇ ಕ್ಷೇತ್ರದಲ್ಲಿ ಎಷ್ಟು ಸಲ ನಿಂತು ಸೋತಿದ್ದಾರೋ ಅವರಿಗೇ ಲೆಕ್ಕ ಕಷ್ಟ. ನನ್ನ ಗೆಳೆಯನ ಅತ್ತೆ ಮನೆ ಅಲ್ಲಿದೆ. ಅಲೆ, ರಾಷ್ಟ್ರ ಎಲ್ಲ ಅವರಿಗೆ ಗೊತ್ತಿಲ್ಲ. "ನಮ್ಮ ಕಸದ ಡಬ್ಬಿ ತೆಗೆಯದಿದ್ದಾಗ ಫೋನ್ ಎತ್ತಿದ್ದು ಲಿಂಡ್ಸೆ" ಎಂದರು. ಮುಗಿಯಿತು.

ನನಗೆ ಚುಚ್ಚುವುದು ಇದೇ. ಆ ಊರು ಮನುಷ್ಯನ ಮುಖ ನೋಡಿ ಓಟು ಹಾಕಿತು. ಬರುವ ಮೇ ತಿಂಗಳಿಂದ ಪಕ್ಷದ ಪಟ್ಟಿಗೆ ಮಾತ್ರ ಓಟು. ಕಸದ ಡಬ್ಬಿಗೆ ಫೋನ್ ಎತ್ತಿದವರು ಪಟ್ಟಿಯ ಐದನೇ ಜಾಗದಲ್ಲಿದ್ದರೆ ನೀವು ಏನೂ ಮಾಡುವ ಹಾಗಿಲ್ಲ. ಹಾಗಾಗಿ ಹೊಸಬರೇ, ಈ ಸಲ ಪಂಡಿತರು ಯಾರು ಗೆಲ್ಲುತ್ತಾರೆ ಎಂದು ಹೇಳುವುದನ್ನು ಬಿಡಿ. ಪಟ್ಟಿಗೆ ಯಾರನ್ನು, ಎಷ್ಟನೇ ಜಾಗಕ್ಕೆ ಹಾಕಿದ್ದಾರೆ ಎಂದು ಬರೆಯುವವರನ್ನು ಹುಡುಕಿ ಓದಿ. ಈಗ ನಿಜವಾದ ಚುನಾವಣೆ ನಡೆಯುವುದು ಅಲ್ಲಿ.

ಅಬೆರ್_ವಿದ್ಯಾರ್ಥಿನಿ

ರಾಯರೇ, ಒಂದು ತಕರಾರು. ಮುಖ ನೋಡಿ ಓಟು ಹಾಕುವ ಪದ್ಧತಿಯಲ್ಲಿ ಹೆಣ್ಣುಮಕ್ಕಳ ಮುಖ ಎಷ್ಟು ಕಾಣುತ್ತಿತ್ತು? 2003ರಲ್ಲಿ ಇಲ್ಲಿನ ಶಾಸನಸಭೆಯಲ್ಲಿ 30 ಗಂಡಸರು, 30 ಹೆಂಗಸರು ಇದ್ದರು, ಜಗತ್ತಿನಲ್ಲೇ ಮೊದಲು. ಅದು ತಾನಾಗಿ ಆಗಲಿಲ್ಲ, ಪಕ್ಷಗಳು ಕೂತು ಹೆಸರು ಜೋಡಿಸಿದ್ದರಿಂದ ಆಯಿತು. ನಮ್ಮ ವಿಧಾನಸೌಧದ ಲೆಕ್ಕ ಹೇಳುವುದು ಬೇಡ.

ರೋತ್‌ಪಾರ್ಕ್_ರಾಯರು

ಒಪ್ಪಿದೆ. ಅರ್ಧ ಒಪ್ಪಿದೆ. ಉಳಿದರ್ಧಕ್ಕೆ ಎದುರು ಕೂತು ಜಗಳ ಮಾಡೋಣ, ಕಾರ್ಡಿಫ್‌ಗೆ ಬಂದಾಗ ಮನೆಗೆ ಬಾಮ್ಮ. ಬಿಸಿಬೇಳೆಬಾತ್ ಇರುತ್ತದೆ.

ಹೊಸಬ_ಕಾರ್ಡಿಫ್ (9 ನವೆಂಬರ್ 2025)

ಎಲ್ಲವನ್ನೂ ಎರಡು ಸಲ ಓದಿದೆ. ಫ್ರಿಜ್ ಮೇಲಿದ್ದ ಕಾಗದ ತೆಗೆದು ಆನ್‌ಲೈನ್‌ನಲ್ಲಿ ಹೆಸರು ಸೇರಿಸಿದೆ. ಐದು ನಿಮಿಷದ ಕೆಲಸ. ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಬರೆದಿಟ್ಟ ಚೀಟಿ ಹುಡುಕಲು ಮಾತ್ರ ಮುಕ್ಕಾಲು ಗಂಟೆ. ನನ್ನ ಕ್ಷೇತ್ರದ ಹೆಸರು ಕೈರ್‌ದೀದ್ ಪೆನಾರ್ಥ್. ಹದಿನಾರು ಕ್ಷೇತ್ರಕ್ಕೂ ವೆಲ್ಷ್ ಹೆಸರೇ ಇಟ್ಟಿದ್ದಾರಂತೆ, ಆಫೀಸಿನಲ್ಲಿ ಅದಕ್ಕೇ ಒಂದು ಸುತ್ತು ಜಗಳ ಆಯಿತು. ನಾನು ಬೆಂಗಳೂರು, ಬ್ಯಾಂಗಲೋರ್ ಕಥೆ ಹೇಳಿ ಸುಮ್ಮನಾದೆ.

ಓಟು ಹಾಕುವಾಗ ಏನೇನು ಒಯ್ಯಬೇಕು?

ನೈಟ್‌ಶಿಫ್ಟ್_ಅಕ್ಕ

ಏನೂ ಬೇಡ ತಮ್ಮಾ. ಲಂಡನ್ ಪಾರ್ಲಿಮೆಂಟಿನ ಚುನಾವಣೆಗೆ ಫೋಟೋ ಇರುವ ಗುರುತಿನ ಚೀಟಿ ಕೇಳುತ್ತಾರೆ. ಸೆನೆದ್ ಚುನಾವಣೆಗೆ ಕೇಳುವುದಿಲ್ಲ. ಹೆಸರು, ವಿಳಾಸ ಹೇಳಿದರೆ ಕಾಗದ ಕೊಡುತ್ತಾರೆ, ದಾರ ಕಟ್ಟಿದ ಪೆನ್ಸಿಲ್ ಇರುತ್ತದೆ, ಗುರುತು ಹಾಕಿ ಡಬ್ಬಿಗೆ ಹಾಕಿ ಬಾ.

ಹೊಸಬ_ಕಾರ್ಡಿಫ್

ಬೆರಳಿಗೆ ಮಸಿ?

ನೈಟ್‌ಶಿಫ್ಟ್_ಅಕ್ಕ

ಇಲ್ಲ.

ಹೊಸಬ_ಕಾರ್ಡಿಫ್

ಅಯ್ಯೋ. ನಾವು ಮೈಸೂರಿನವರು ಅಕ್ಕ, ಆ ಮಸಿ ತಯಾರಾಗುವುದೇ ನಮ್ಮೂರಲ್ಲಿ. ಈಗ ಅಮ್ಮನಿಗೆ ಯಾವ ಫೋಟೋ ಕಳಿಸಲಿ?